ವರ್ಗಾವಣೆಯ ಜೊತೆ ಕೆಲಸದ ಅರಿವೂ ಹೋಗದಿರಲು: ಸರ್ಕಾರಿ ಕಚೇರಿಗಳಿಗೊಂದು ಮಾರ್ಗದರ್ಶಿ

ಪ್ರಭಾರ ಹಸ್ತಾಂತರದ ದಿನ ಸಿಟಿಸಿಗೆ, ಅಂದರೆ ಪ್ರಭಾರ ಹಸ್ತಾಂತರದ ಪ್ರಮಾಣಪತ್ರಕ್ಕೆ, ಸಹಿ ಬೀಳುತ್ತದೆ. ಕಡತಗಳ ಪಟ್ಟಿ, ಬೀರುವಿನ ಕೀಲಿ, ನಗದು ವಹಿ, ದಾಸ್ತಾನು ವಹಿ, ಮೊಹರು ಎಲ್ಲವೂ ಎಣಿಕೆಯಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ಆದರೆ ಯಾವ ಕಡತ ಏಕೆ ನಿಂತಿದೆ, ಮೇಲಿನ ಕಚೇರಿಯವರು ಏನು ಆಕ್ಷೇಪಣೆ ಹಾಕಿ ವಾಪಸ್ ಕಳಿಸುತ್ತಾರೆ, ತಂತ್ರಾಂಶದಲ್ಲಿ ಯಾವ ಕಾಲಂ ತಪ್ಪಾದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹೊಸಬರು ಅದನ್ನೆಲ್ಲ ಮೊದಲಿನಿಂದ ಕಲಿಯಬೇಕು. ಅವರು ಕಲಿಯುವಷ್ಟು ದಿನ ಜನ ಅಲೆಯಬೇಕು.

ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿ, ನಿಗಮ-ಮಂಡಳಿಯ ಶಾಖೆ, ಹೀಗೆ 8ರಿಂದ 30 ಜನ ಕೆಲಸ ಮಾಡುವ ಯಾವುದೇ ಕಚೇರಿಯಲ್ಲಿ ಇದನ್ನು ತಪ್ಪಿಸಬಹುದು. ಹೊಸ ತಂತ್ರಾಂಶ ಬೇಡ, ಪ್ರತ್ಯೇಕ ಅನುದಾನವೂ ಬೇಡ. ಒಂದು ಮಾತನ್ನು ಮಾತ್ರ ಬಿಡದೆ ಪಾಲಿಸಬೇಕು: ಕೆಲಸ ಬಲ್ಲವರಿಂದ ಬರೆಸಬೇಡಿ, ಕಲಿಯುವವರಿಂದ ಬರೆಸಿ. ಇಪ್ಪತ್ತು ವರ್ಷ ಒಂದೇ ವಿಷಯ ನೋಡಿದವರಿಗೆ ಅರ್ಧ ಹೆಜ್ಜೆಗಳು ಕಣ್ಣಿಗೇ ಬೀಳುವುದಿಲ್ಲ, ಕೈ ತಾನಾಗಿ ಮಾಡಿಬಿಡುತ್ತದೆ. ಅವರನ್ನು ಬರೆಯಲು ಕೂರಿಸಿದರೆ ‘ನಿಯಮಾನುಸಾರ ಪರಿಶೀಲಿಸಿ ಮಂಡಿಸುವುದು’ ಎಂಬ ಒಂದು ಸಾಲು ಸಿಗುತ್ತದೆ. ಪಕ್ಕದಲ್ಲಿ ಕುಳಿತು ಕಲಿಯುವವರಿಗೆ ಮಾತ್ರ ‘ಪರಿಶೀಲಿಸುವುದು ಎಂದರೆ ಏನೇನು ನೋಡಬೇಕು?’ ಎಂದು ಕೇಳಲು ತೋಚುತ್ತದೆ.

1. ಯಾವ ಕೆಲಸ ಒಬ್ಬರಿಗೇ ಗೊತ್ತು? ಮೊದಲು ಇದನ್ನು ಪತ್ತೆ ಮಾಡಿ

ಒಂದು ಎ4 ಹಾಳೆ ಸಾಕು. ಎಡಗಡೆ ಕಚೇರಿಯ ಕೆಲಸಗಳು, ಮೇಲ್ಗಡೆ ಸಿಬ್ಬಂದಿಯ ಹೆಸರುಗಳು. ಪ್ರತಿ ಮನೆಯಲ್ಲಿ ಒಂದು ಅಂಕಿ: ಯಾರ ಸಹಾಯವೂ ಇಲ್ಲದೆ ಮಾಡಬಲ್ಲವರಿಗೆ 2, ಕೇಳಿಕೊಂಡು ಮಾಡಬಲ್ಲವರಿಗೆ 1, ಗೊತ್ತಿಲ್ಲದವರಿಗೆ 0. ಕೆಲಸದ ಹೆಸರು ಸಣ್ಣದಾಗಿರಲಿ. ‘ಲೆಕ್ಕಪತ್ರ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘ಎಚ್‌ಆರ್‌ಎಂಎಸ್‌ನಲ್ಲಿ ವೇತನ ಬಿಲ್ಲು ಸಿದ್ಧಪಡಿಸುವುದು’, ‘ಖಜಾನೆ-2ರಲ್ಲಿ ಬಿಲ್ಲು ಸಲ್ಲಿಸುವುದು’, ‘ವಾಪಸ್ ಬಂದ ಬಿಲ್ಲಿನ ಆಕ್ಷೇಪಣೆ ಸರಿಪಡಿಸುವುದು’ ಎಂದು ಬಿಡಿಸಿ ಬರೆಯಿರಿ (ಮೊದಲನೆಯದು ನೌಕರರ ಸೇವೆ-ವೇತನದ ತಂತ್ರಾಂಶ, ಎರಡನೆಯದು ಖಜಾನೆಯ ತಂತ್ರಾಂಶ). ಮೊದಲೆರಡು ನಾಲ್ವರಿಗೆ ಗೊತ್ತಿರುತ್ತವೆ, ಮೂರನೆಯದು ಹೆಚ್ಚಿನ ಕಡೆ ಒಬ್ಬರಿಗೇ ಗೊತ್ತಿರುತ್ತದೆ.

ಯಾವ ಸಾಲಿನಲ್ಲಿ ಒಂದೇ ಒಂದು 2 ಇದೆಯೋ ಅದಕ್ಕೆ ಕೆಂಪು ಗುರುತು ಹಾಕಿ, ಪಕ್ಕದಲ್ಲಿ ಆ ವ್ಯಕ್ತಿ ಯಾವಾಗ ಹೊರಡಬಹುದು ಎಂದು ಬರೆಯಿರಿ. ನಿವೃತ್ತಿ ಎಂದಿಗೂ ಅನಿರೀಕ್ಷಿತವಲ್ಲ. ರಾಜ್ಯ ನೌಕರರಿಗೆ 60 ವರ್ಷ ತುಂಬುವ ತಿಂಗಳ ಕೊನೆಯ ದಿನ, ಹುಟ್ಟಿದ ದಿನಾಂಕ 1 ಆಗಿದ್ದರೆ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತಿ. ಸೇವಾ ಪುಸ್ತಕ ತೆರೆದರೆ ಮುಂದಿನ ಮೂರು ವರ್ಷದ ಪಟ್ಟಿ ಸಿಗುತ್ತದೆ. ಸಾರ್ವತ್ರಿಕ ವರ್ಗಾವಣೆಯೂ ಬಹುಮಟ್ಟಿಗೆ ಬೇಸಿಗೆಯಲ್ಲೇ ಬರುತ್ತದೆ, ಹಾಗಾಗಿ ಈ ಪಟ್ಟಿ ಡಿಸೆಂಬರ್-ಜನವರಿಯಲ್ಲೇ ಆಗಿಬಿಟ್ಟರೆ ಒಳ್ಳೆಯದು.

ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್‌ಗಳನ್ನು ಈ ಪಟ್ಟಿಯಿಂದ ಬಿಡಬೇಡಿ. ಅನೇಕ ಕಚೇರಿಗಳಲ್ಲಿ ತಂತ್ರಾಂಶದ ನಿಜವಾದ ತಿಳಿವಳಿಕೆ ಇರುವುದೇ ಅವರಲ್ಲಿ. ತರಬೇತಿಗೆ ಮಾತ್ರ ಕಾಯಂ ನೌಕರರು ಹೋಗುತ್ತಾರೆ. ಟೆಂಡರ್ ಮುಗಿದು ಏಜೆನ್ಸಿ ಬದಲಾದರೆ ಅವರಿಗೆ ಸಿಟಿಸಿಯೂ ಇಲ್ಲ, ಬೀಳ್ಕೊಡುಗೆಯೂ ಇಲ್ಲ, ಮಾರನೆಯ ದಿನ ಲಾಗಿನ್ ಮಾಡುವವರೇ ಇರುವುದಿಲ್ಲ.

ಕೆಂಪು ಗುರುತು ಹದಿನೈದಿಪ್ಪತ್ತು ಬಂದರೂ ಗಾಬರಿಯಾಗಬೇಕಿಲ್ಲ. ಒಂದು ವಾರ ನಿಂತರೆ ಸಾರ್ವಜನಿಕರಿಗೆ ನೇರವಾಗಿ ತೊಂದರೆಯಾಗುವ ಐದನ್ನು ಮಾತ್ರ ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಹಿಡಿದ ಕಚೇರಿಗಳು ಎರಡನೇ ತಿಂಗಳಿಗೇ ಕೈಬಿಡುತ್ತವೆ.

2. ಜೊತೆಗೆ ಕೂರುವುದು: 45 ನಿಮಿಷ, ಚಾಲ್ತಿಯ ಕಡತದ ಮೇಲೆ

ಕಲಿಯುವವರು ಯಾರೆಂದು ಕಚೇರಿ ಮುಖ್ಯಸ್ಥರು ಲಿಖಿತ ಜ್ಞಾಪನದಲ್ಲೇ ಹೇಳಬೇಕು. ಬಾಯಿಮಾತಿನಲ್ಲಿ ಹೇಳಿದರೆ ‘ನನ್ನ ಕೆಲಸ ಇವರಿಗೆ ಕೊಡುತ್ತಾರಂತೆ’ ಎಂಬ ಗುಸುಗುಸು ಶುರುವಾಗುತ್ತದೆ. ಒಂದು ಕೆಲಸಕ್ಕೆ ಒಬ್ಬ ಬದಲಿ ಎಂದು ಎಲ್ಲರಿಗೂ ಒಂದೇ ಜ್ಞಾಪನದಲ್ಲಿ ಹೊರಡಿಸಿದರೆ ಆ ಅನುಮಾನಕ್ಕೆ ಎಡೆ ಇರುವುದಿಲ್ಲ.

ವಾರಕ್ಕೆ ಒಂದು ಸಲ, ಜನಸಂದಣಿ ಕಡಿಮೆ ಇರುವ ಹೊತ್ತಿನಲ್ಲಿ, 45 ನಿಮಿಷ. ಕಡತ ಚಾಲ್ತಿಯಲ್ಲಿರುವುದೇ ಆಗಬೇಕು. ಮುಗಿದ ಕಡತ ನೋಡಿದರೆ ಎಲ್ಲವೂ ಸಲೀಸಾಗಿ ನಡೆದಂತೆ ಕಾಣುತ್ತದೆ, ಎಡವಿದ ಜಾಗಗಳು ಟಿಪ್ಪಣಿ ಹಾಳೆಯಲ್ಲಿ ಉಳಿದಿರುವುದಿಲ್ಲ. ಮೊದಲ ವಾರ ಬಲ್ಲವರು ಮಾಡುತ್ತಾರೆ, ಕಲಿಯುವವರು ಬರೆದುಕೊಳ್ಳುತ್ತಾರೆ. ಎರಡನೇ ವಾರ ಮೌಸ್ ಮತ್ತು ಪೆನ್ನು ಕಲಿಯುವವರ ಕೈಯಲ್ಲಿ, ಬಲ್ಲವರು ಕೈ ಕಟ್ಟಿ ಕೂರಬೇಕು. ಇಲ್ಲಿ ತಾಳ್ಮೆ ತಪ್ಪುವುದು ಸಹಜ. ‘ಕೊಡಮ್ಮ ಇಲ್ಲಿ, ನಾನೇ ಮಾಡ್ತೀನಿ’ ಎಂದು ಕಸಿದುಕೊಂಡರೆ ಆ ವಾರದ ಪಾಠ ಮುಗಿದಂತೆಯೇ. ಮೂರನೇ ವಾರ ಬಲ್ಲವರು ಆ ಕೊಠಡಿಯಲ್ಲೇ ಇರಬಾರದು.

ಕಲಿಯುವವರು ಪ್ರತಿ ಸಲ ಕೇಳಬೇಕಾದ ಪ್ರಶ್ನೆಗಳು ಇವು: ಕೆಲಸ ಶುರುವಾಗುವುದು ಯಾವ ಕಾಗದದಿಂದ? ಮುಂದಕ್ಕೆ ಕಳಿಸುವ ಮೊದಲು ಕಣ್ಣಾಡಿಸುವ ಮೂರು ಜಾಗ ಯಾವುವು? ಕಳೆದ ಸಲ ವಾಪಸ್ ಬಂದದ್ದು ಯಾಕೆ? ಗಡುವು ಯಾವ ದಿನದಿಂದ ಎಣಿಕೆ? ಸಿಕ್ಕಿಕೊಂಡರೆ ಯಾರಿಗೆ ಫೋನ್, ಯಾವ ಹುದ್ದೆಯವರಿಗೆ? ಇವುಗಳಲ್ಲಿ ‘ವಾಪಸ್ ಬಂದದ್ದು ಯಾಕೆ’ ಎಂಬುದಕ್ಕೆ ಸಿಗುವ ಉತ್ತರವೇ ಉಳಿದೆಲ್ಲಕ್ಕಿಂತ ಬೆಲೆಯುಳ್ಳದ್ದು.

3. ಒಂದು ಪುಟದ ಕಾರ್ಯಟಿಪ್ಪಣಿ

ಬರೆದದ್ದು ಒಂದು ಪುಟ ದಾಟಬಾರದು. ಇಪ್ಪತ್ತು ಪುಟದ ಕೈಪಿಡಿ ಉದ್ಘಾಟನೆಗೆ ಚೆಂದ, ಕೌಂಟರಿನಲ್ಲಿ ಜನ ನಿಂತಿರುವಾಗ ಯಾರೂ ಅದನ್ನು ತೆರೆಯುವುದಿಲ್ಲ. ಎಲ್ಲ ಕಚೇರಿಗಳಲ್ಲೂ ಇರುವ ಮಾಹಿತಿ ಹಕ್ಕು ಅರ್ಜಿಯನ್ನೇ ಮಾದರಿಯಾಗಿ ತೆಗೆದುಕೊಂಡರೆ ಟಿಪ್ಪಣಿ ಹೀಗಿರುತ್ತದೆ:

*ಆರಂಭ:* ಟಪಾಲಿಗೆ ಬಂದ ದಿನವೇ ದಿನಾಂಕದ ಮೊಹರು. 30 ದಿನಗಳ ಲೆಕ್ಕ ಕಚೇರಿಗೆ ಬಂದ ದಿನದಿಂದ, ವಿಷಯ ನಿರ್ವಾಹಕರ ಮೇಜಿಗೆ ಬಂದ ದಿನದಿಂದಲ್ಲ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ.

*ಮೊದಲ ನೋಟ:* 10 ರೂಪಾಯಿ ಶುಲ್ಕ ಇದೆಯೇ? ಬಿಪಿಎಲ್‌ನವರಾದರೆ ಶುಲ್ಕವಿಲ್ಲ, ದಾಖಲೆ ಲಗತ್ತಿಸಿರಬೇಕು. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದು ವಿಷಯ, 150 ಪದ.

*ನಮ್ಮ ಕಚೇರಿಯದಲ್ಲದಿದ್ದರೆ:* ಕಲಂ 6(3)ರಡಿ 5 ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಿ, ಅರ್ಜಿದಾರರಿಗೂ ತಿಳಿಸಬೇಕು. ‘ನಮ್ಮಲ್ಲಿ ಲಭ್ಯವಿಲ್ಲ’ ಎಂದು 29ನೇ ದಿನ ಬರೆಯಬಾರದು.

*ಪುಟದ ಶುಲ್ಕ:* ಎ4 ಪುಟಕ್ಕೆ 2 ರೂಪಾಯಿ. ಶುಲ್ಕದ ಪತ್ರ ರವಾನೆಯಾದ ದಿನದಿಂದ ಹಣ ಬರುವವರೆಗಿನ ಅವಧಿ 30 ದಿನಕ್ಕೆ ಸೇರುವುದಿಲ್ಲ. ಆದ್ದರಿಂದ 10ನೇ ದಿನದೊಳಗೆ ಪುಟ ಎಣಿಸಿ ಪತ್ರ ಕಳಿಸಿ, ರವಾನೆ ಸಂಖ್ಯೆಯನ್ನು ಕಡತದಲ್ಲಿ ಬರೆಯಿರಿ.

*ಮೂರನೆಯವರ ಮಾಹಿತಿಯಾದರೆ:* ಕಲಂ 11, 5 ದಿನದೊಳಗೆ ಅವರಿಗೆ ನೋಟಿಸ್, ಉತ್ತರಿಸಲು ಅವರಿಗೆ 10 ದಿನ.

*ಎಡವುವ ಜಾಗ:* ಮಾಹಿತಿ ನಿರಾಕರಿಸುವಾಗ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಬರೆಯದೆ ಬಿಡುವುದು. ಹಳೆಯ ಕಡತ ಅಭಿಲೇಖಾಲಯದಿಂದ ಬರಲು ದಿನಗಳಾಗುತ್ತವೆ, ಬೇಡಿಕೆ ಚೀಟಿ ಮೊದಲ ವಾರವೇ ಹೋಗಲಿ.

*ತಪ್ಪಿದರೆ:* ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ರೂಪಾಯಿ ದಂಡ. ಅದು ಬೀಳುವುದು ಮಾಹಿತಿ ಅಧಿಕಾರಿಯ ಮೇಲೆ.

ಪುಟದ ಕೆಳಗೆ ನಾಲ್ಕು ವಿವರ ಕಡ್ಡಾಯ: ಕಲಿಸಿದವರು, ಬರೆದವರು, ಬರೆದ ದಿನಾಂಕ, ಆಧಾರವಾದ ಕಾಯ್ದೆ ಅಥವಾ ಸುತ್ತೋಲೆಯ ಸಂಖ್ಯೆ. ಆಧಾರವಿಲ್ಲದ ಟಿಪ್ಪಣಿ ಅಪಾಯಕಾರಿ. ‘ಇಲ್ಲಿ ಹೀಗೇ ಮಾಡುವುದು’ ಎಂಬ ರೂಢಿ ನಿಯಮದ ವೇಷ ಹಾಕಿಕೊಂಡು ಹತ್ತು ವರ್ಷ ನಡೆದುಬಿಡುತ್ತದೆ, ಲೆಕ್ಕಪರಿಶೋಧನೆಯ ದಿನ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ರೂಢಿಯಿಂದ ಬಂದದ್ದಾದರೆ ಹಾಗೆಂದೇ ಬರೆಯಿರಿ: ‘ಇದಕ್ಕೆ ಆದೇಶ ಸಿಕ್ಕಿಲ್ಲ, ಕಚೇರಿಯ ರೂಢಿ.’

4. ಕಾಗದದಲ್ಲಿಲ್ಲದ ಕೆಲಸ: ನೀರುಗಂಟಿಯ ವಾಲ್ವ್‌ಗಳು

ತಿಳಿವಳಿಕೆ ಹಂಚಿಕೆ ಎಂದೊಡನೆ ಎಲ್ಲರ ಕಣ್ಣೂ ಮೇಜು-ಕಡತದ ಕಡೆ ಹೋಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಅತಿ ಹೆಚ್ಚು ತಿಳಿವಳಿಕೆ ಒಬ್ಬರ ತಲೆಯಲ್ಲೇ ಉಳಿದಿರುವುದು ಊರಿಗೆ ನೀರು ಬಿಡುವ ನೀರುಗಂಟಿಯ ಬಳಿ. ಯಾವ ಬೀದಿಯ ಪೈಪು ಎಲ್ಲಿ ತಿರುಗುತ್ತದೆ, ಡಾಂಬರಿನಡಿ ಮುಚ್ಚಿಹೋದ ವಾಲ್ವ್ ಯಾವ ಮನೆಯ ಜಗುಲಿಯಿಂದ ಎಷ್ಟು ಹೆಜ್ಜೆ, ಎತ್ತರದ ಓಣಿಗೆ ಮೊದಲು ಬಿಡಬೇಕೋ ಕೊನೆಗೆ ಬಿಡಬೇಕೋ, ಇದು ಅವರಿಗಲ್ಲದೆ ಪಿಡಿಒಗೂ ಗೊತ್ತಿರುವುದಿಲ್ಲ, ಎಂಜಿನಿಯರ್ ನಕ್ಷೆಯಲ್ಲೂ ಇರುವುದಿಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಬಂದ ಮೇಲೆ ಹಳೆಯ ಪೈಪಿನ ಜೊತೆ ಹೊಸ ಪೈಪೂ ಸೇರಿ ಜಾಲ ಇನ್ನಷ್ಟು ಗೋಜಲಾಗಿದೆ.

ಇವರನ್ನು ಕಚೇರಿಗೆ ಕರೆದು ‘ಹೇಳಪ್ಪ, ಬರ್ಕೋತೀವಿ’ ಎಂದರೆ ಪ್ರಯೋಜನವಿಲ್ಲ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಅವರ ಹಿಂದೆ ನಡೆಯಬೇಕು. ಎರಡು ದಿನ ಬೇಕು, ಏಕೆಂದರೆ ಬಹಳಷ್ಟು ಊರುಗಳಲ್ಲಿ ದಿನಬಿಟ್ಟು ದಿನ ಬೇರೆ ಬೇರೆ ಬೀದಿಗೆ ನೀರು. ಜೊತೆಗೆ ಹೋಗುವವರು ಇಬ್ಬರು: ಬದಲಿ ನೀರುಗಂಟಿ, ಮತ್ತು ಮೊಬೈಲಿನಲ್ಲಿ ಸ್ಥಳದ ಗುರುತಿನೊಂದಿಗೆ ಫೋಟೊ ತೆಗೆಯುವ ಒಬ್ಬ ಸಿಬ್ಬಂದಿ.

ಪ್ರತಿ ವಾಲ್ವ್‌ಗೆ ಒಂದು ಸಂಖ್ಯೆ. ಅದನ್ನು ಗುಂಡಿಯ ಮುಚ್ಚಳದ ಮೇಲೂ ಹತ್ತಿರದ ಗೋಡೆ ಅಥವಾ ಕಂಬದ ಮೇಲೂ ಆಯಿಲ್ ಪೇಂಟಿನಲ್ಲಿ ಬರೆಯಿರಿ. ಮುಚ್ಚಳ ಕಳೆದುಹೋಗುತ್ತದೆ, ರಸ್ತೆ ಎತ್ತರವಾಗುತ್ತದೆ, ಕಂಬ ಅಲ್ಲೇ ಇರುತ್ತದೆ. ವಹಿಯಲ್ಲಿ ಸಂಖ್ಯೆಯ ಎದುರು: ಸ್ಥಿರವಾದ ಎರಡು ಗುರುತುಗಳಿಂದ ಅಳತೆ ಮೀಟರಿನಲ್ಲಿ, ಯಾವ ಬೀದಿಗೆ ಹೋಗುತ್ತದೆ, ತೆರೆಯಲು ಯಾವ ಕಡೆ ತಿರುಗಿಸಬೇಕು, ಪೂರ್ತಿ ತೆರೆಯಲು ಎಷ್ಟು ಸುತ್ತು, ದಿನನಿತ್ಯ ಎಷ್ಟು ಸುತ್ತು ಬಿಡುತ್ತಾರೆ, ಎಷ್ಟು ಹೊತ್ತು. ಸುತ್ತಿನ ಲೆಕ್ಕ ಸಣ್ಣ ವಿಷಯವೆಂದು ಬಿಡಬೇಡಿ. ತಗ್ಗಿನ ಬೀದಿಯ ವಾಲ್ವನ್ನು ಹೊಸಬರು ಪೂರ್ತಿ ತೆರೆದುಬಿಟ್ಟರೆ ಎತ್ತರದ ಬೀದಿಗೆ ನೀರು ಏರುವುದೇ ಇಲ್ಲ, ಒತ್ತಡ ಎಲ್ಲ ತಗ್ಗಿನಲ್ಲೇ ಮುಗಿಯುತ್ತದೆ. ಮುಚ್ಚುವಾಗ ಅವಸರದಿಂದ ತಿರುಗಿಸಿದರೆ ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪಿಗೆ ಹೊಡೆತ ಕೊಡುತ್ತದೆ, ಹಳೆಯ ಜೋಡಣೆಗಳು ಬಾಯಿ ಬಿಡುವುದು ಹೀಗೆಯೇ.

ಇನ್ನೆರಡನ್ನು ಕೇಳಿ ಬರೆದುಕೊಳ್ಳಿ. ತ್ರೀಫೇಸ್ ವಿದ್ಯುತ್ ಹೋಗಿ ಬಂದಾಗ ಪಂಪ್ ಮನೆಯಲ್ಲಿ ಅವರು ಮೊದಲು ಏನು ನೋಡುತ್ತಾರೆ? ಒಂದು ಫೇಸ್ ಇಲ್ಲದೆ ಮೋಟಾರ್ ಚಾಲೂ ಆದರೆ ಸುಟ್ಟುಹೋಗುತ್ತದೆ. ಶಬ್ದದಿಂದಲೇ ಅದನ್ನು ಗುರುತಿಸುವವರಿದ್ದಾರೆ, ಆ ಶಬ್ದವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಬರಹಕ್ಕಿಂತ ಚೆನ್ನಾಗಿ ಕಲಿಸಬಹುದು. ಎರಡನೆಯದು ಬ್ಲೀಚಿಂಗ್ ಪೌಡರ್: ಎಷ್ಟು ಲೀಟರ್ ಟ್ಯಾಂಕಿಗೆ ಎಷ್ಟು, ಯಾವಾಗ, ಹೇಗೆ ಕರಗಿಸಿ ಹಾಕುತ್ತಾರೆ. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷಾ ಕಿಟ್ ಹಿಡಿದು ಅವರ ಕೈಅಂದಾಜು ಸರಿಯಿದೆಯೇ ಎಂದು ಅವರ ಎದುರೇ ನೋಡಿ. ಹೆಚ್ಚುಕಡಿಮೆಯಾಗಿದ್ದರೆ ಸರಿಪಡಿಸಿದ ಪ್ರಮಾಣವನ್ನೇ ವಹಿಗೆ ಬರೆಯಿರಿ.

ಕೆಲಸ ಮುಗಿದ ಮೇಲೆ ವಹಿಯ ಮೊದಲ ಪುಟದಲ್ಲಿ ಅವರ ಹೆಸರು ದೊಡ್ಡದಾಗಿ ಇರಲಿ. ಊರಿಗೆ ಇಷ್ಟು ವರ್ಷ ನೀರು ಕೊಟ್ಟವರ ಅರಿವು ಅದು.

5. ವಾರಕ್ಕೆ ಹದಿನೈದು ನಿಮಿಷ

ಸುತ್ತೋಲೆಗಳು ವಾಟ್ಸಾಪ್ ಗುಂಪಿಗೆ ಬೀಳುತ್ತವೆ, ಎಲ್ಲರೂ ಹೆಬ್ಬೆರಳು ತೋರಿಸುತ್ತಾರೆ, ಓದುವವರು ಕಡಿಮೆ. ವಾರದ ಒಂದು ನಿಗದಿತ ದಿನ ನಿಂತುಕೊಂಡೇ ಹದಿನೈದು ನಿಮಿಷದ ಸಭೆ ಸಾಕು. ಸರದಿಯಂತೆ ಒಬ್ಬರು ಆ ವಾರದ ಒಂದು ಸುತ್ತೋಲೆಯನ್ನು ಓದಿಕೊಂಡು ಬಂದು ಮೂರು ಮಾತು ಹೇಳಬೇಕು: ನಿನ್ನೆವರೆಗೆ ಹೇಗಿತ್ತು, ನಾಳೆಯಿಂದ ಹೇಗೆ, ನಮ್ಮ ಯಾವ ಕಾರ್ಯಟಿಪ್ಪಣಿ ತಿದ್ದಬೇಕು. ಆಮೇಲೆ ಆ ವಾರ ವಾಪಸ್ ಬಂದ ಕಡತಗಳ ಕಾರಣ, ಹೆಸರು ಎತ್ತದೆ. ಇಲ್ಲಿ ಮುಖ್ಯಸ್ಥರು ಒಬ್ಬರನ್ನು ಒಂದು ಸಲ ಗದರಿದರೂ ಸಾಕು, ಮುಂದಿನ ವಾರದಿಂದ ಯಾವ ಕಡತವೂ ವಾಪಸ್ ಬಂದಿರುವುದಿಲ್ಲ, ಬಾಯಿಮಾತಿನಲ್ಲಿ.

ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೋ ಜಿಲ್ಲಾ ತರಬೇತಿ ಸಂಸ್ಥೆಗೋ ಹೋಗಿ ಬಂದವರು, ಸರ್ಕಾರಿ ನೌಕರರ ಆನ್‌ಲೈನ್ ತರಬೇತಿ ತಾಣವಾದ ಐಗಾಟ್ ಕರ್ಮಯೋಗಿಯಲ್ಲಿ ಕೋರ್ಸ್ ಮುಗಿಸಿದವರು, ಏಳು ದಿನದೊಳಗೆ ಇದೇ ಸಭೆಯಲ್ಲಿ ಒಂದು ವಿಷಯವನ್ನು ಮಾಡಿ ತೋರಿಸಲಿ. ಪ್ರಮಾಣಪತ್ರ ಸೇವಾ ದಾಖಲೆಗೆ ಸೇರುತ್ತದೆ, ಕಲಿತದ್ದು ಕಚೇರಿಗೆ ಸೇರುವುದು ಹೀಗೆ ತೋರಿಸಿದಾಗ ಮಾತ್ರ.

ಚುನಾವಣೆ, ಜಾತ್ರೆಯ ಬಂದೋಬಸ್ತ್, ಪ್ರವಾಹ ಪರಿಹಾರದಂಥ ಅಪರೂಪದ ಕೆಲಸಕ್ಕೆ ಬೇರೆ ಕ್ರಮ ಬೇಕು. ಚುನಾವಣೆ ಮತ್ತೆ ಬರುವ ಹೊತ್ತಿಗೆ ಹಿಂದಿನ ಸಲ ಮಸ್ಟರಿಂಗ್ ಕೇಂದ್ರ (ಮತಗಟ್ಟೆ ಸಿಬ್ಬಂದಿ ಸೇರಿ ಸಾಮಗ್ರಿ ಪಡೆದು ಹೊರಡುವ ಜಾಗ) ನಡೆಸಿದವರಲ್ಲಿ ಹೆಚ್ಚಿನವರು ಆ ತಾಲ್ಲೂಕಿನಲ್ಲೇ ಇರುವುದಿಲ್ಲ. ಮುಗಿದ ಒಂದು ವಾರದೊಳಗೆ, ನೆನಪು ಹಸಿಯಾಗಿರುವಾಗ, ಒಂದು ಗಂಟೆ ಕುಳಿತು ಯೋಜನೆ ಏನಿತ್ತು, ನಡೆದದ್ದೇನು, ವ್ಯತ್ಯಾಸ ಯಾಕಾಯಿತು, ಮುಂದಿನ ಸಲ ಏನು ಬದಲಿಸಬೇಕು ಎಂಬ ನಾಲ್ಕನ್ನೇ ಚರ್ಚಿಸಿ ಬರೆದಿಡಿ. ‘ಬಸ್ಸುಗಳು ಒಂದೇ ಗೇಟಿನಿಂದ ಹೊರಟಿದ್ದರಿಂದ ಸಾಲು ರಸ್ತೆಗೆ ಬಂತು’ ಎಂಬಂಥ ಸಾಲುಗಳು ಬರಬೇಕು. ‘ಯಶಸ್ವಿಯಾಗಿ ನಡೆಯಿತು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ.

6. ಎಲ್ಲಿಡಬೇಕು, ಏನನ್ನು ಹಂಚಬಾರದು

ಇ-ಆಫೀಸ್‌ನಲ್ಲಿ ಜ್ಞಾನ ನಿರ್ವಹಣೆಗೆಂದೇ ಕೆಎಂಎಸ್ ಎಂಬ ವಿಭಾಗವಿದೆ. ನಿಮ್ಮ ಕಚೇರಿಗೆ ಅದು ಸಕ್ರಿಯವಾಗಿದ್ದರೆ ಅಲ್ಲೇ ಇಡಿ. ಇಲ್ಲದಿದ್ದರೆ ಕಚೇರಿಯ ಗಣಕದಲ್ಲಿ ಒಂದೇ ಫೋಲ್ಡರ್, ಜೊತೆಗೆ ಮುದ್ರಿಸಿದ ಒಂದು ಫೈಲು ಶಿರಸ್ತೇದಾರರ ಮೇಜಿನ ಮೇಲೆ. ಯಾರದೋ ಸ್ವಂತ ಜಿಮೇಲ್ ಖಾತೆಯಲ್ಲಿ ಇಟ್ಟರೆ ಅವರ ವರ್ಗಾವಣೆಯೊಂದಿಗೆ ಅದೂ ಹೋಗುತ್ತದೆ. ಹುದ್ದೆಯ ಹೆಸರಿನ ಸರ್ಕಾರಿ ಮಿಂಚಂಚೆಯನ್ನೇ ಬಳಸಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿಸಿ. ಹಳೆಯ ನುಡಿ ಫಾಂಟಿನ ಕಡತ ಬೇರೆ ಗಣಕದಲ್ಲಿ ತೆರೆದಾಗ ಅಕ್ಷರ ಕಲಸಿಹೋಗುತ್ತದೆ, ಹುಡುಕಿದರೂ ಸಿಗುವುದಿಲ್ಲ.

ಒಂದು ವಿಷಯದಲ್ಲಿ ಸ್ವಲ್ಪವೂ ಸಡಿಲ ಬೇಡ. ಪಾಸ್‌ವರ್ಡ್, ಓಟಿಪಿ, ಡಿಜಿಟಲ್ ಸಹಿಯ ಡಾಂಗಲ್ ಕೊಡುವುದನ್ನು ‘ಸಹಕಾರ’ ಎಂದುಕೊಂಡಿರುವ ಕಚೇರಿಗಳಿವೆ. ಸಾಹೇಬರು ಸಭೆಯಲ್ಲಿದ್ದಾರೆ, ಡಾಂಗಲ್ ಆಪರೇಟರ್ ಬಳಿ ಇದೆ, ಕೆಲಸ ನಡೆಯುತ್ತದೆ. ಆ ಸಹಿಯ ಕೀಲಿಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 42ರ ಪ್ರಕಾರ ಸಹಿದಾರರ ಹೊಣೆ. ಹಂಚಬೇಕಾದದ್ದು ಕೆಲಸದ ಕ್ರಮವನ್ನು, ಅಧಿಕಾರವನ್ನಲ್ಲ. ತೆರೆಯುವ ಮುನ್ನಿನ ಟೆಂಡರ್ ವಿವರ, ಇಲಾಖಾ ವಿಚಾರಣೆಯ ಕಡತ, ಫಲಾನುಭವಿಗಳ ಆಧಾರ್ ಮತ್ತು ಬ್ಯಾಂಕ್ ವಿವರ ಕಾರ್ಯಟಿಪ್ಪಣಿಯಲ್ಲಿ ಬರಲೇಬಾರದು. ಮಾದರಿಗೆ ನಿಜವಾದ ಅರ್ಜಿಯ ಚಿತ್ರ ಹಾಕುವಾಗ ಹೆಸರು, ಸಂಖ್ಯೆಗಳನ್ನು ಅಳಿಸಿ.

7. ಹೊರಡುವವರ ಕೊನೆಯ ತಿಂಗಳುಗಳು

ನಿವೃತ್ತರಾಗುವವರಿಂದ ಕಲಿಯುವುದನ್ನು ಆರು ತಿಂಗಳ ಮೊದಲೇ ಶುರುಮಾಡಿ. ಕೊನೆಯ ತಿಂಗಳು ಅವರು ಪಿಂಚಣಿ ಕಾಗದ, ಬೇಬಾಕಿ ಪತ್ರ, ರಜೆ ಲೆಕ್ಕದ ಓಡಾಟದಲ್ಲಿರುತ್ತಾರೆ. ಆಗ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳುವುದು ಅವರಿಗೂ ಹಿಂಸೆ. ವರ್ಗಾವಣೆಯಾದರೆ ಅಷ್ಟು ಕಾಲ ಸಿಗುವುದಿಲ್ಲ, ಆದೇಶ ಬಂದ ಮರುದಿನವೇ ಬಿಡುಗಡೆ ಮಾಡಬೇಕಾದೀತು. ಅದಕ್ಕಾಗಿಯೇ ಮೇಲಿನ ಹೆಜ್ಜೆಗಳು ವರ್ಷವಿಡೀ ನಡೆಯಬೇಕು.

ಸಿಟಿಸಿಯ ಜೊತೆ ಎರಡು ಹಾಳೆ ಲಗತ್ತಿಸುವ ಪದ್ಧತಿ ಮಾಡಿ. ಮೊದಲನೆಯದರಲ್ಲಿ ಆ ವಿಷಯದ ಕಾರ್ಯಟಿಪ್ಪಣಿಗಳ ಪಟ್ಟಿ. ಎರಡನೆಯದರಲ್ಲಿ ನಡುವೆ ನಿಂತಿರುವ ಹತ್ತು ಮುಖ್ಯ ಕಡತಗಳು, ಪ್ರತಿಯೊಂದಕ್ಕೂ ಎರಡು ಸಾಲು: ಎಲ್ಲಿ ನಿಂತಿದೆ, ಮುಂದಿನ ಹೆಜ್ಜೆ ಏನು, ಯಾವ ದಿನಾಂಕದೊಳಗೆ. ನ್ಯಾಯಾಲಯದ ಪ್ರಕರಣಗಳನ್ನೂ ಸಕಾಲದ (ನಿಗದಿತ ದಿನದೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆ) ಗಡುವು ಇರುವ ಅರ್ಜಿಗಳನ್ನೂ ಮೇಲೆ ಬರೆಯಿರಿ. ಸಕಾಲದಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕು, ಗಡಿಯಾರ ಹೊಸಬರಿಗಾಗಿ ನಿಲ್ಲುವುದಿಲ್ಲ.

ಹೋದವರಿಗೆ ಒಂದು ತಿಂಗಳು ಫೋನ್ ಮಾಡಬಹುದು, ಆದರೆ ಅವರಿಗೆ ಅನುಕೂಲವಾದ ಒಂದೇ ಹೊತ್ತಿನಲ್ಲಿ, ಒಬ್ಬರೇ. ಮಾಡಿದ ಪ್ರತಿ ಕರೆಯ ಪ್ರಶ್ನೆ-ಉತ್ತರವನ್ನು ಅದೇ ದಿನ ಟಿಪ್ಪಣಿಗೆ ಸೇರಿಸಿ. ಎರಡನೇ ಸಲ ಅದೇ ಪ್ರಶ್ನೆಗೆ ಫೋನ್ ಹೋಗಬಾರದು.

8. ನಿಜವಾಗಿ ಹಂಚಿಕೆಯಾಗಿದೆಯೇ? ರಜೆಯೇ ಪರೀಕ್ಷೆ

ಕೆಂಪು ಗುರುತಿನ ಕೆಲಸ ಮಾಡುವವರು ಐದು ದಿನ ಗಳಿಕೆ ರಜೆ ಹಾಕಲಿ. ಆ ಐದು ದಿನ ಬದಲಿಯವರು ಟಿಪ್ಪಣಿ ನೋಡಿಕೊಂಡು ಕೆಲಸ ಮಾಡಲಿ, ರಜೆಯಲ್ಲಿರುವವರಿಗೆ ಫೋನ್ ಹೋಗುವಂತಿಲ್ಲ. ಕೆಲಸ ನಿಂತ ಪ್ರತಿ ಜಾಗವನ್ನೂ ಟಿಪ್ಪಣಿಯಲ್ಲಿ ಗುರುತು ಮಾಡಿ, ಅವರು ಮರಳಿದ ದಿನ ಇಬ್ಬರೂ ಕುಳಿತು ತುಂಬಲಿ. ಸದಾ ಕಚೇರಿಗೆ ಅಂಟಿಕೊಂಡಿದ್ದವರಿಗೆ ನೆಮ್ಮದಿಯ ರಜೆಯೂ ಸಿಗುತ್ತದೆ. ತಿಳಿದದ್ದನ್ನು ಹೇಳಿಕೊಟ್ಟರೆ ತಮ್ಮ ಬೆಲೆ ಕಡಿಮೆಯಾಗುತ್ತದೆ ಎಂಬ ಅಂಜಿಕೆ ಕರಗುವುದು ಭಾಷಣದಿಂದಲ್ಲ, ಇಂಥ ನೇರ ಲಾಭದಿಂದ. ಕಲಿಸಿದವರ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಯಾವ ಕೆಲಸವನ್ನು ಯಾರಿಗೆ ಕಲಿಸಿದರು ಎಂಬ ಒಂದು ಸಾಲನ್ನು ಮುಖ್ಯಸ್ಥರು ತಪ್ಪದೆ ಬರೆಯಬೇಕು.

ಆರು ತಿಂಗಳಿಗೊಮ್ಮೆ ಎಲ್ಲ ಟಿಪ್ಪಣಿಗಳ ದಿನಾಂಕ ನೋಡಿ. ತಿದ್ದಿದಾಗ ಹಳೆಯದನ್ನು ಅಳಿಸದೆ ‘ರದ್ದು’ ಎಂದು ಬರೆದು, ರದ್ದಾದ ದಿನಾಂಕ ಹಾಕಿ ಬೇರೆ ಫೋಲ್ಡರಿಗೆ ಸರಿಸಿ. ನಾಲ್ಕು ವರ್ಷದ ಹಿಂದಿನ ಆದೇಶದ ಮೇಲೆ ಮೇಲ್ಮನವಿ ಬಂದರೆ, ಆ ದಿನ ಯಾವ ಕ್ರಮ ಜಾರಿಯಲ್ಲಿತ್ತು ಎಂದು ತೋರಿಸಲು ಅದೇ ಹಾಳೆ ಬೇಕಾಗುತ್ತದೆ.